‘ಹ್ಯಾವ್ ವರ್ಕ್ಡ್’ ಎಲ್ಲಿ, ‘ಹ್ಯಾವ್ ಬೀನ್ ವರ್ಕಿಂಗ್’ ಎಲ್ಲಿ?

ಇಂಟರ್‌ವ್ಯೂನಲ್ಲಿ ‘ಐದು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ’ ಎಂದು ಇಂಗ್ಲಿಷ್‌ನಲ್ಲಿ ಹೇಳಲು ‘ಐ ಹ್ಯಾವ್ ವರ್ಕ್ಡ್’ ಸರಿಯೋ, ‘ಐ ಹ್ಯಾವ್ ಬೀನ್ ವರ್ಕಿಂಗ್’ ಸರಿಯೋ ಅಂತ ಕೇಳಿದ್ದೀರಿ. ಎರಡೂ ಸರಿ. ವರ್ಕ್, ಲಿವ್, ಟೀಚ್ ಇಂಥ ಪದಗಳ ಜೊತೆ ಅವಧಿ ಹೇಳಿದಾಗ ಅರ್ಥದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ತಪ್ಪಾಗುವುದು ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಅಂದಾಗ. ಇದರಲ್ಲಿ ಎರಡು ತಪ್ಪಿವೆ, ಎರಡೂ ಕನ್ನಡದ ರೂಢಿಯಿಂದ ಬಂದವು. ನಮ್ಮ ‘ಮಾಡುತ್ತಿದ್ದೇನೆ’ ಹಿಂದಿನ ಐದು ವರ್ಷವನ್ನೂ ಒಳಗೊಳ್ಳುತ್ತದೆ. ‘ಆಮ್ ವರ್ಕಿಂಗ್’ಗೆ ಆ ಶಕ್ತಿಯಿಲ್ಲ. ನಮಗೆ ‘ಐದು ವರ್ಷದಿಂದ’, ‘2019ರಿಂದ’ ಎರಡಕ್ಕೂ ಒಂದೇ ‘ಇಂದ’ ಸಾಕು. ಇಂಗ್ಲಿಷ್‌ನಲ್ಲಿ ಅವಧಿಗೆ ಫಾರ್, ಶುರುವಾದ ಹೊತ್ತಿಗೆ ಸಿನ್ಸ್: ‘ಫಾರ್ ಫೈವ್ ಇಯರ್ಸ್’, ‘ಸಿನ್ಸ್ 2019’.

ಇನ್ನು ಎರಡು ರೂಪಗಳು ನಿಜಕ್ಕೂ ಬೇರೆಯಾಗುವ ಜಾಗ. ‘ಐ ಹ್ಯಾವ್ ಪೇಂಟೆಡ್ ದ ಗೇಟ್’ ಅಂದರೆ ಗೇಟಿಗೆ ಬಣ್ಣ ಬಳಿದು ಮುಗಿದಿದೆ. ‘ಐ ಹ್ಯಾವ್ ಬೀನ್ ಪೇಂಟಿಂಗ್ ದ ಗೇಟ್’ ಅನ್ನುವುದು ‘ಕೈಯೆಲ್ಲ ಯಾಕೆ ಬಣ್ಣ?’ ಎಂಬ ಪ್ರಶ್ನೆಗೆ ಉತ್ತರ; ಗೇಟಿನ ಒಂದು ಬಾಗಿಲು ಇನ್ನೂ ಹಾಗೇ ಉಳಿದಿರಬಹುದು. ಮೊದಲನೆಯದರಲ್ಲಿ ಮುಖ್ಯ ಫಲ, ಎರಡನೆಯದರಲ್ಲಿ ನಡೆದ ಕೆಲಸ. ‘ಬಳಿದಿದ್ದೇನೆ’, ‘ಬಳಿಯುತ್ತಾ ಇದ್ದೆ, ಅದಕ್ಕೇ ಹೀಗೆ’ ಅಂತ ಮನಸ್ಸಿನಲ್ಲೇ ಹೇಳಿ ನೋಡಿ, ಯಾವುದು ಬೇಕೆಂದು ತಿಳಿಯುತ್ತದೆ.

ಎಣಿಕೆ ಬಂದರೆ ಯೋಚಿಸಬೇಡಿ, ‘ಬೀನ್’ ಇಲ್ಲದ ಸರಳ ರೂಪವೇ: ‘ಐ ಹ್ಯಾವ್ ರಿಟನ್ ತ್ರೀ ಲೆಟರ್ಸ್’. ಮೂರು ಪತ್ರ ಅಂತ ಲೆಕ್ಕ ಕೊಟ್ಟ ಮೇಲೆ ಅವು ಮುಗಿದಂತೆಯೇ, ಅಲ್ಲಿ ‘ಬೀನ್ ರೈಟಿಂಗ್’ ಕೂರುವುದಿಲ್ಲ.

ನೋ (ಗೊತ್ತಿರು), ಬಿಲೀವ್ (ನಂಬು), ಓನ್ (ಸ್ವಂತಕ್ಕೆ ಹೊಂದಿರು) ಇವು ಸ್ಥಿತಿ ಹೇಳುವ ಪದಗಳು, ಇವಕ್ಕೂ ಸರಳ ರೂಪ. ‘ಹತ್ತು ವರ್ಷದಿಂದ ಅವರು ಗೊತ್ತು’ ಅನ್ನಲು ‘ಐ ಹ್ಯಾವ್ ನೋನ್ ಹಿಮ್ ಫಾರ್ ಟೆನ್ ಇಯರ್ಸ್’. ‘ಹ್ಯಾವ್ ಬೀನ್ ನೋಯಿಂಗ್’ ಎಂದೂ ಬೇಡ.

ಕ್ಷಣದಲ್ಲಿ ಮುಗಿಯುವ ಕೆಲಸದಲ್ಲೂ ಎಚ್ಚರ. ಬೆರಳು ಕೊಯ್ದುಕೊಂಡರೆ ‘ಐ ಹ್ಯಾವ್ ಕಟ್ ಮೈ ಫಿಂಗರ್’. ‘ಬೀನ್ ಕಟಿಂಗ್’ ಅಂದರೆ ಬೆರಳನ್ನು ಕೊಯ್ಯುತ್ತಲೇ ಇದ್ದೆ ಎಂದಾಗುತ್ತದೆ.

ನಿಮ್ಮ ಇಂಟರ್‌ವ್ಯೂಗೆ: ಈಗಲೂ ಅದೇ ಕೆಲಸದಲ್ಲಿದ್ದರೆ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಅನ್ನಿ, ಕೂಡಲೇ ‘ಐ ಹ್ಯಾವ್ ಹ್ಯಾಂಡಲ್ಡ್ ಫೋರ್ ಪ್ರಾಜೆಕ್ಟ್ಸ್’ ಅಂತ ಸೇರಿಸಿ. ಕೆಲಸ ಬಿಟ್ಟಾಗಿದ್ದರೆ ಹ್ಯಾವ್ ಬೇಡವೇ ಬೇಡ, ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’.