ಆರೇಲಿಯನ್‌ಗಿಂತ ಮೊದಲೂ ಸೂರ್ಯನಿದ್ದ

ದಾವಣಗೆರೆಯ ಓದುಗರೊಬ್ಬರ ಪತ್ರ: ‘ರೋಮಿನಲ್ಲಿ ಸೂರ್ಯಪೂಜೆ ಆರಂಭಿಸಿದವನು ಚಕ್ರವರ್ತಿ ಆರೇಲಿಯನ್, ಕ್ರಿ.ಶ. 274ರಲ್ಲಿ ಎಂದು ಕಳೆದ ಸಂಚಿಕೆಯಲ್ಲಿ ಓದಿದೆ. ಅದಕ್ಕೂ ಮೊದಲು ರೋಮನ್ನರಿಗೆ ಸೂರ್ಯ ದೇವರಾಗಿರಲಿಲ್ಲವೇ? ಕ್ರಿಸ್‌ಮಸ್ ಅವನ ಹಬ್ಬದ ನಕಲು ಎನ್ನುವುದು ನಿಜವೇ?’

ಸಂಪಾದಕರ ಉತ್ತರ:

ತಪ್ಪು ನಮ್ಮದು. ‘ಆರಂಭಿಸಿದ’ ಎಂಬ ಪದ ನನ್ನ ಕಣ್ಣು ತಪ್ಪಿಸಿ ಅಚ್ಚಾಯಿತು. ಆರೇಲಿಯನ್‌ಗಿಂತ ಶತಮಾನಗಳ ಹಿಂದೆಯೇ ಕ್ವಿರಿನಾಲ್ ಗುಡ್ಡದ ಮೇಲೆ ಆಗಸ್ಟ್ 9ರಂದು ಸೋಲ್‌ಗೆ, ಅಂದರೆ ಸೂರ್ಯನಿಗೆ, ಪೂಜೆ ಸಲ್ಲುತ್ತಿತ್ತು. ರಥಗಳು ಓಡುವ ಸರ್ಕಸ್ ಮ್ಯಾಕ್ಸಿಮಸ್‌ನಲ್ಲಿಯೂ ಅವನ ಗುಡಿಯಿತ್ತು. ಚಕ್ರವರ್ತಿ ಅಗಸ್ಟಸ್ ಈಜಿಪ್ಟಿನಿಂದ ಹೊತ್ತು ತಂದು ಕ್ರಿ.ಪೂ. 10ರಲ್ಲಿ ನಿಲ್ಲಿಸಿದ ಕಲ್ಲುಕಂಬದ ಪೀಠದಲ್ಲಿ ‘ಸೂರ್ಯನಿಗೆ ಕಾಣಿಕೆ’ ಎಂದೇ ಕೆತ್ತಿದೆ. ಆ ಕಂಬ ಈಗ ಇಟಲಿಯ ಸಂಸತ್ತಿನ ಕೆಳಮನೆಯ ಎದುರು ನಿಂತಿದೆ.

ಹಾಗಾದರೆ ಆರೇಲಿಯನ್ ಮಾಡಿದ್ದೇನು? ಸಿರಿಯಾದ ಪಾಲ್ಮೈರಾ ನಗರವನ್ನು ಗೆದ್ದು ಬಂದು ಸೂರ್ಯನಿಗೆ ದೊಡ್ಡ ದೇವಾಲಯ ಕಟ್ಟಿಸಿದ, ಪ್ರತ್ಯೇಕ ಅರ್ಚಕ ಮಂಡಳಿಯನ್ನು ನೇಮಿಸಿದ, ನಾಲ್ಕು ವರ್ಷಕ್ಕೊಮ್ಮೆ ಕ್ರೀಡೋತ್ಸವ ಗೊತ್ತುಮಾಡಿದ. ಹಳೆಯ ದೇವರಿಗೆ ರಾಜಮರ್ಯಾದೆ ಸಿಕ್ಕಿತು, ಅಷ್ಟೇ. ಅವನಿಗಿಂತ ಅರ್ಧ ಶತಮಾನ ಮೊದಲು ಎಲಗಾಬಾಲಸ್ ಎಂಬ ಹುಡುಗ ಚಕ್ರವರ್ತಿ ಸಿರಿಯಾದ ತನ್ನೂರಿನ ಸೂರ್ಯದೇವರ ಪ್ರತೀಕವಾದ ಕಪ್ಪು ಕಲ್ಲನ್ನು ತಂದು ಎಲ್ಲ ದೇವರಿಗಿಂತ ಮೇಲೆ ಕೂರಿಸಲು ಹೋಗಿ ಕೊಲೆಯಾದ. ಅವನ ದೇವರನ್ನೂ ರೋಮಿನಿಂದ ಸಾಗಹಾಕಿದರು.

ಇನ್ನು ಕ್ರಿಸ್‌ಮಸ್. ‘ನಕಲು’ ಎನ್ನುವವರ ಕೈಯಲ್ಲಿರುವ ಮುಖ್ಯ ಸಾಕ್ಷ್ಯ ಕ್ರಿ.ಶ. 354ರ ಒಂದು ಪಂಚಾಂಗದ ಒಂದೇ ಸಾಲು. ಡಿಸೆಂಬರ್ 25ರ ಎದುರು ‘ಅಜೇಯನ ಜನ್ಮದಿನ, ರಥದ 30 ಓಟಗಳು’ ಎಂದಿದೆ. ಸೂರ್ಯ ಎಂಬ ಹೆಸರೂ ಇಲ್ಲ. ‘ಅಜೇಯ’ ಎಂಬ ಬಿರುದಿನಿಂದ ನಾವು ಊಹಿಸಿಕೊಳ್ಳಬೇಕು. ಅದೇ ಪಂಚಾಂಗದಲ್ಲಿ ಅಕ್ಟೋಬರ್ 22ಕ್ಕೆ ಸೂರ್ಯನ ಹೆಸರಿನಲ್ಲೇ 36 ಓಟಗಳಿವೆ. ಓಟದ ಲೆಕ್ಕ ಹಿಡಿದರೆ ದೊಡ್ಡ ಹಬ್ಬ ಅದೇ! ಇನ್ನೊಂದು ಸ್ವಾರಸ್ಯ: ಆ ಪಂಚಾಂಗವಿರುವ ಹೊತ್ತಗೆ ಒಬ್ಬ ಕ್ರೈಸ್ತನಿಗೆಂದು ಸಿದ್ಧವಾದದ್ದು. ಕ್ರಿಸ್ತ ಬೆತ್ಲೆಹೆಮ್‌ನಲ್ಲಿ ಹುಟ್ಟಿದ ದಿನವೆಂದು ಡಿಸೆಂಬರ್ 25ನ್ನು ಹೇಳುವ ಇನ್ನೊಂದು ಪಟ್ಟಿಯೂ ಅದರೊಳಗೇ ಇದೆ. ರೋಮನ್ನರ ಎಣಿಕೆಯಲ್ಲಿ ಹಗಲು ಮತ್ತೆ ಬೆಳೆಯತೊಡಗುವ ದಿನವೂ ಅದೇ. ಯಾರು ಯಾರಿಂದ ಪಡೆದರೆಂದು ಈ ಸಾಲುಗಳ ಬಲದಿಂದ ತೀರ್ಪು ಕೊಡಲು ನಾನಂತೂ ಸಿದ್ಧನಿಲ್ಲ.

ಜನರಿಗೆ ಈ ಗಡಿಗಳು ಅಷ್ಟು ಮುಖ್ಯವಾಗಿರಲಿಲ್ಲ. ಐದನೆಯ ಶತಮಾನದಲ್ಲಿ ಪೋಪ್ ಒಂದನೆಯ ಲಿಯೋ ಕ್ರಿಸ್ತಜಯಂತಿಯ ಉಪದೇಶದಲ್ಲೇ ತನ್ನ ಭಕ್ತರನ್ನು ಗದರಿದ್ದಾನೆ. ಸಂತ ಪೀಟರನ ಇಗರ್ಜಿಗೆ ಬಂದವರು ಮೆಟ್ಟಿಲು ಹತ್ತಿ, ಒಳಗೆ ಹೋಗುವ ಮುನ್ನ ಹಿಂದಕ್ಕೆ ತಿರುಗಿ, ಉದಯಿಸುವ ಸೂರ್ಯನಿಗೆ ತಲೆಬಾಗಿಸುತ್ತಿದ್ದರಂತೆ.