ಸಂಪಾದಕರ ಉತ್ತರ: ಸುಖವನ್ನು ಅಳೆಯಹೊರಟ ಧಣಿ

ಮಾನ್ಯರೇ,

ಜನಗಣತಿಯ ಚರಿತ್ರೆಯನ್ನು ಕುರಿತ ನಮ್ಮ ಲೇಖನದಲ್ಲಿ ಸ್ಕಾಟ್ಲೆಂಡಿನ ಸರ್ ಜಾನ್ ಸಿಂಕ್ಲೇರ್ ಅವರನ್ನು ‘ಪ್ರಜಾಹಿತೈಷಿ’ ಎಂದು ಕರೆದುದಕ್ಕೆ ತಾವು ಆಕ್ಷೇಪವೆತ್ತಿದ್ದೀರಿ. ಕುರಿಗಳಿಗಾಗಿ ಜನರನ್ನು ಒಕ್ಕಲೆಬ್ಬಿಸಿದ ಧಣಿಗೆ ಆ ಮಾತು ಹೇಗೆ ಸಲ್ಲುತ್ತದೆ ಎಂಬುದು ತಮ್ಮ ಪ್ರಶ್ನೆ. ಆಕ್ಷೇಪ ನ್ಯಾಯವಾದುದೇ. ಆದರೂ ಆ ಪದವನ್ನು ಹೊಡೆದುಹಾಕಿ ಸುಮ್ಮನಾಗಲು ಮನಸ್ಸು ಒಪ್ಪುತ್ತಿಲ್ಲ.

ಸಿಂಕ್ಲೇರ್ 1754ರಲ್ಲಿ ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿರುವ ಕೇತ್ನೆಸ್ ಸೀಮೆಯ ಥರ್ಸೊ ಕೋಟೆಯಲ್ಲಿ ಹುಟ್ಟಿದರು. ತಂದೆ ತೀರಿಕೊಂಡು ಅಲ್ಬ್‌ಸ್ಟರ್ ಮನೆತನದ ಜಮೀನು ಕೈಗೆ ಬಂದಾಗ ಅವರಿಗಿನ್ನೂ ಹದಿನಾರು. ಎರಡು ವರ್ಷ ಕಳೆಯುವುದರೊಳಗೆ 1,260 ಆಳುಗಳನ್ನು ಒಟ್ಟುಗೂಡಿಸಿ ಒಂದೇ ದಿನದಲ್ಲಿ ಆರು ಮೈಲಿ ರಸ್ತೆ ಹಾಕಿಸಿದರೆಂದು ಹೇಳುತ್ತಾರೆ. ಇದನ್ನು ಅವರ ಕರ್ತೃತ್ವಶಕ್ತಿಯ ನಿದರ್ಶನವಾಗಿ ಬರೆಯುವುದೇ ವಾಡಿಕೆ. ಕರೆದೊಡನೆ ಬಿಟ್ಟಿ ದುಡಿಮೆಗೆ ಬರಲೇಬೇಕಿದ್ದ ಜನರ ಕಡೆಯಿಂದ ನೋಡಿದರೆ ಕಥೆ ಬೇರೆಯಾದೀತು. 1780ರಲ್ಲಿ ಅವರು ಸಂಸತ್ತನ್ನು ಪ್ರವೇಶಿಸಿದರು. 1793ರಲ್ಲಿ ಕೃಷಿ ಮಂಡಳಿಯ ಮೊದಲ ಅಧ್ಯಕ್ಷರಾದರು.

ಆದರೆ ಅವರ ಹೆಸರು ಉಳಿದಿರುವುದು ಒಂದು ಪ್ರಶ್ನಾವಳಿಯಿಂದ. ಮಣ್ಣು, ಹವೆ, ಬೆಳೆ, ಕೂಲಿ, ಬಡವರ ಸಂಖ್ಯೆ ಎಂದೆಲ್ಲ 160ಕ್ಕೂ ಹೆಚ್ಚು ಪ್ರಶ್ನೆಗಳನ್ನು ಬರೆದು ಸ್ಕಾಟ್ಲೆಂಡಿನ 938 ಪ್ಯಾರಿಷ್‌ಗಳ (ಒಂದೊಂದು ಚರ್ಚಿಗೆ ಸೇರಿದ ವಲಯಗಳ) ಪಾದ್ರಿಗಳಿಗೆ ಕಳುಹಿಸಿದರು. ಉತ್ತರಿಸದವರಿಗೆ ಮತ್ತೆ ಮತ್ತೆ ಬರೆದರು. ಅದಕ್ಕೂ ಬಗ್ಗದ ಕಡೆಗೆ ತಮ್ಮವರನ್ನೇ ಅಟ್ಟಿದರು. (ಸಂಪಾದಕನಾದವನಿಗೆ ಈ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.) ಹೀಗೆ ಬಂದ ಉತ್ತರಗಳು 1791ರಿಂದ 1799ರವರೆಗೆ 21 ಸಂಪುಟಗಳಾಗಿ ಹೊರಬಂದವು. ‘ಸ್ಟಾಟಿಸ್ಟಿಕ್ಸ್’ ಎಂಬ ಪದವನ್ನು ಅವರು ಜರ್ಮನಿಯಲ್ಲಿ ಕೇಳಿ ತಂದು ಇಂಗ್ಲಿಷಿನಲ್ಲಿ ಬಳಕೆಗೆ ತಂದರು. ಜರ್ಮನರಿಗೆ ಅದು ರಾಜ್ಯದ ಬಲಾಬಲವನ್ನು ತಿಳಿಯುವ ವಿದ್ಯೆಯಾಗಿತ್ತು. ಸಿಂಕ್ಲೇರ್ ಅದಕ್ಕೆ ಕೊಟ್ಟ ಅರ್ಥವೆಂದರೆ, ನಾಡಿನ ಜನ ಅನುಭವಿಸುತ್ತಿರುವ ಸುಖ ಎಷ್ಟೆಂದೂ ಅದನ್ನು ಹೆಚ್ಚಿಸುವ ದಾರಿ ಯಾವುದೆಂದೂ ಕಂಡುಕೊಳ್ಳುವುದು. ನಮ್ಮ ಲೇಖಕರು ಆ ವಿಶೇಷಣವನ್ನು ಬಳಸಿದ್ದು ಈ ಮಾತಿಗೆ ಮನಸೋತು.

ಇನ್ನು ತಾವು ಎತ್ತಿದ ವಿಷಯ. ಮೊದಲ ಸಂಪುಟ ಬಂದ ಮರುವರ್ಷವೇ, 1792ರಲ್ಲಿ, ಅವರದೇ ಒಡೆತನದ ಲ್ಯಾಂಗ್‌ವೆಲ್ ಸೀಮೆಗೆ ಚೆವಿಯಟ್ ಕುರಿಗಳು ಬಂದವು. ಹಳೆಯ ಒಕ್ಕಲುಗಳನ್ನು ಒಮ್ಮೆಗೇ ಹೊರದೂಡಬಾರದು, ಸಣ್ಣ ರೈತರೇ ಒಟ್ಟುಗೂಡಿ ಕುರಿ ಸಾಕಬೇಕು ಎಂದು ಬರೆದವರೂ ಅವರೇ. ಆದರೆ ಕಣಿವೆಯಿಂದ ಎಬ್ಬಿಸಲ್ಪಟ್ಟ ಕುಟುಂಬಗಳು ಕಡಲಂಚಿನ ಕಡಿದಾದ ಬಂಡೆಯ ನೆತ್ತಿಯ ಮೇಲೆ, ಬ್ಯಾಡ್‌ಬೇ ಎಂಬಲ್ಲಿ, ಕಲ್ಲು ಆಯ್ದು ಗುಡಿಸಲು ಕಟ್ಟಿಕೊಳ್ಳಬೇಕಾಯಿತು. ಗಾಳಿ ಎತ್ತಿ ಕಡಲಿಗೆ ಎಸೆಯದಿರಲೆಂದು ಅಲ್ಲಿ ದನಕರುಗಳನ್ನಷ್ಟೇ ಅಲ್ಲ, ಮಕ್ಕಳನ್ನೂ ಹಗ್ಗದಿಂದ ಕಟ್ಟುತ್ತಿದ್ದರೆಂದು ಇಂದಿಗೂ ಹೇಳುತ್ತಾರೆ.

ಹಿತ ಬಯಸಿದ್ದು ಸುಳ್ಳಲ್ಲವಾದ್ದರಿಂದ ಪದ ಉಳಿಯಲಿ. ಬ್ಯಾಡ್‌ಬೇಯನ್ನು ಬಿಟ್ಟು ಆ ಪದವನ್ನು ಬಳಸಿದ್ದು ಮಾತ್ರ ನಮ್ಮ ತಪ್ಪು. ಅಲ್ಲಿಂದ ನ್ಯೂಜಿಲೆಂಡಿಗೆ ವಲಸೆ ಹೋದವರೊಬ್ಬರ ಮಗ 1911ರಲ್ಲಿ ಆ ಬಂಡೆಯ ಮೇಲೆ ಸ್ಮಾರಕ ಕಟ್ಟಿಸಿ, ಅಲ್ಲಿ ಬಾಳಿದವರ ಹೆಸರುಗಳನ್ನು ಕೆತ್ತಿಸಿದ್ದಾರೆ. ಲೇಖನವನ್ನು ಮುಂದೆ ಸಂಕಲನಕ್ಕೆ ಸೇರಿಸುವಾಗ ಆ ಸ್ಮಾರಕದ ಪ್ರಸ್ತಾಪವೂ ಇರುತ್ತದೆ.

– ಸಂ.