ವೃತ್ತ ಬರೆಯುವುದಕ್ಕೆ ಮೂವತ್ತು ವರ್ಷ ಬೇಕಾ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಎಸ್.ಎಚ್. ರಜಾ ಅವರ ಚಿತ್ರಗಳನ್ನು ಹಾಕಿದ್ದೀರಿ. ಒಂದು ಕಪ್ಪು ವೃತ್ತ, ಸುತ್ತ ನಾಲ್ಕು ಬಣ್ಣ. ನನ್ನ ಮಗಳ ಡ್ರಾಯಿಂಗ್ ಪುಸ್ತಕದಲ್ಲೂ ಇದೇ ಇದೆ. ಬರೀ ವೃತ್ತ ಬರೆಯುತ್ತಾ ಕೂತವರನ್ನು ಬೆಳೆದ ಕಲಾವಿದ ಅನ್ನುವುದು ಹೇಗೆ?

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪ್ರಶ್ನೆ ತುಂಬ ಜನರ ಮನಸ್ಸಿನಲ್ಲಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ರಜಾ ವೃತ್ತದಿಂದ ಶುರು ಮಾಡಿದವರಲ್ಲ. ಹುಟ್ಟಿದ್ದು 1922ರಲ್ಲಿ, ಮಧ್ಯಪ್ರದೇಶದ ಬಾಬರಿಯಾದಲ್ಲಿ. 1940ರ ದಶಕದಲ್ಲಿ ಬೊಂಬಾಯಿಯ ಬೀದಿಗಳನ್ನು ತೆಳುವಾದ ಜಲವರ್ಣದಲ್ಲಿ ಬರೆಯುತ್ತಿದ್ದರು. 1948ರಲ್ಲಿ ಕಾಶ್ಮೀರದಲ್ಲಿ ಫ್ರಾನ್ಸಿನ ಫೋಟೋಗ್ರಾಫರ್ ಕಾರ್ಟಿಯೆ ಬ್ರೆಸಾನ್ ಸಿಕ್ಕರು. ನಿಮ್ಮ ಚಿತ್ರಗಳ ರಚನೆ ಗಟ್ಟಿಯಿಲ್ಲ, ಫ್ರಾನ್ಸಿನ ಚಿತ್ರಕಾರ ಸೆಜಾನ್‌ನನ್ನು ನೋಡಿ ಎಂದು ಹೇಳಿದ್ದು ಅವರೇ. ಎರಡು ವರ್ಷಕ್ಕೆ ರಜಾ ಪ್ಯಾರಿಸ್ ಸೇರಿದರು.

ಅಲ್ಲಿಯ ಮೊದಲ ವರ್ಷಗಳ ಚಿತ್ರಗಳನ್ನು ನೀವು ನೋಡಲೇಬೇಕು. ಒಂದಕ್ಕೊಂದು ಅಂಟಿಕೊಂಡ ಚೌಕ ಚೌಕ ಮನೆಗಳು. ಜನರ ಸುಳಿವೇ ಇಲ್ಲ. ಕೆಲವು ಚಿತ್ರಗಳಲ್ಲಿ ಮೇಲೆ ಒಬ್ಬ ಸೂರ್ಯ, ಅವನೂ ಕಪ್ಪು! ಅಂದರೆ ನೀವು ನೋಡಿದ ಕಪ್ಪು ವೃತ್ತಕ್ಕೆ ಬಿಂದು ಎಂಬ ಹೆಸರು ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ಕಪ್ಪು ವೃತ್ತ ಬಂದು ಕೂತಿತ್ತು. ಆದರೆ ಆಗ ಅದು ಆಕಾಶದಲ್ಲಿತ್ತು. ಮನೆಗಳ ಬಣ್ಣಕ್ಕೂ ಅದಕ್ಕೂ ಅಷ್ಟಾಗಿ ಸಂಬಂಧವಿರಲಿಲ್ಲ.

ಆಮೇಲೆ ತೈಲವರ್ಣ ಕೈಹಿಡಿಯಿತು. ದಪ್ಪ ದಪ್ಪ ಬಣ್ಣ, ಅದರೊಳಗೆ ಮನೆಗಳು ಕರಗುತ್ತಾ ಹೋದವು. 1956ರಲ್ಲಿ ಪ್ಯಾರಿಸ್‌ನ ವಿಮರ್ಶಕರ ಪ್ರಶಸ್ತಿಯೂ ಬಂತು. ಅಲ್ಲೇ ನಿಂತಿದ್ದರೂ ಹೆಸರಿಗೆ ಕಮ್ಮಿಯಿರಲಿಲ್ಲ. ಆದರೆ 1962ರಲ್ಲಿ ಪಾಠ ಮಾಡಲು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋದಾಗ ಅಲ್ಲಿಯ ಹೊಸ ಚಿತ್ರಕಾರರ, ಅದರಲ್ಲೂ ರಾತ್ಕೊ ಅವರ, ಕೆಲಸ ಅವರನ್ನು ಅಲ್ಲಾಡಿಸಿತು. ಕ್ರಮೇಣ ತೈಲ ಬಿಟ್ಟು, ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣಕ್ಕೆ ಬಂದರು. ಇದು ಸುಮ್ನೆ ಡಬ್ಬಿ ಬದಲಾಯಿಸಿದ್ದಲ್ಲ. ತೈಲವರ್ಣ ದಿನಗಟ್ಟಲೆ ಹಸಿಯಾಗಿರುತ್ತದೆ, ಪಕ್ಕದ ಬಣ್ಣದ ಜೊತೆ ಬೆರೆಯುತ್ತದೆ. ಅಕ್ರಿಲಿಕ್ ಬೇಗ ಒಣಗುತ್ತದೆ. ಕೆಂಪಿನ ಪಕ್ಕ ಕಪ್ಪಿಟ್ಟರೆ ಅಂಚು ಅಂಚಾಗೇ ಉಳಿಯುತ್ತದೆ. ಮುಂದೆ ಅವರು ಬರೆದ ವೃತ್ತ, ತ್ರಿಕೋನಗಳಿಗೆ ಬೇಕಾಗಿದ್ದು ಈ ಚೊಕ್ಕ ಅಂಚೇ.

ಬಾಲ್ಯದಲ್ಲಿ ಮೇಷ್ಟ್ರು ಗೋಡೆಯ ಮೇಲೆ ಚುಕ್ಕಿ ಇಟ್ಟು, ಅದನ್ನೇ ನೋಡುತ್ತಾ ಕೂರು ಎಂದಿದ್ದರು ಅಂತ ರಜಾ ಹೇಳುತ್ತಿದ್ದರು. ಒಳ್ಳೆಯ ಕಥೆ. ಆದರೆ ಎಲ್ಲರೂ ಇದನ್ನೇ ಜಾಸ್ತಿ ಹೇಳಿ, ನಡುವಿನ ಮೂವತ್ತು ವರ್ಷದ ದುಡಿಮೆಯನ್ನು ಮರೆಸಿಬಿಟ್ಟಿದ್ದಾರೆ ಅನಿಸುತ್ತದೆ.

1980ರ ಹೊತ್ತಿಗೆ ಆ ಕಪ್ಪು ವೃತ್ತ ಆಕಾಶದಿಂದ ಇಳಿದು ಬಣ್ಣಗಳ ನಡುವೆ ಬಂತು. ಆಗ ಅದರ ಕೆಲಸವೇ ಬದಲಾಯಿತು. ಕಪ್ಪನ್ನು ಬೆರಳಿನಿಂದ ಮುಚ್ಚಿ ನೋಡಿ. ಸುತ್ತಲಿನ ಕೆಂಪು, ಹಳದಿ ಒಮ್ಮೆಲೇ ಮಂಕಾಗುತ್ತವೆ. ಬೆರಳು ತೆಗೆಯಿರಿ, ಮತ್ತೆ ಉರಿಯುತ್ತವೆ. ಬಣ್ಣ ತಾನೊಂದೇ ಬೆಳಗುವುದಿಲ್ಲ, ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಬೆಳಗುತ್ತದೆ. ರಜಾ ಜೀವನಪೂರ್ತಿ ಹುಡುಕಿದ್ದು ಇದನ್ನೇ ಎಂದು ನನ್ನ ನಂಬಿಕೆ. 1981ರ 'ಮಾ' ಚಿತ್ರದಲ್ಲಿ, ಅಮ್ಮಾ, ತಿರುಗಿ ಬರುವಾಗ ಏನು ತರಲಿ ಎಂಬ ಹಿಂದಿ ಸಾಲನ್ನೂ ಕ್ಯಾನ್ವಾಸ್ ಮೇಲೇ ಬರೆದರು. ಊರು ಬಿಟ್ಟು ಮೂರು ದಶಕವಾದ ಮನುಷ್ಯನ ಪ್ರಶ್ನೆ ಅದು. ಅಲ್ಲಿಯ ಕಪ್ಪನ್ನು ಅಲಂಕಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ಮಾತಿನಲ್ಲೂ ಹುರುಳಿದೆ. 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಬರೆಯುತ್ತಲೇ ಇದ್ದರು. ಕೊನೆಯ ವರ್ಷಗಳ ಎಲ್ಲ ಬಿಂದುಗಳಿಗೂ ಒಂದೇ ತೂಕವಿಲ್ಲ. ಕೆಲವಲ್ಲಿ ಕೈ ಅಭ್ಯಾಸದಿಂದ ಓಡಿದ್ದು ಕಾಣುತ್ತದೆ. ನಾನಾದರೆ 1970 ಮತ್ತು 80ರ ದಶಕದ ಕೆಲಸಕ್ಕೇ ಮತ್ತೆ ಮತ್ತೆ ಹೋಗುತ್ತೇನೆ.

ಇನ್ನೊಂದು ಮಾತು. 1983ರ 'ಸೌರಾಷ್ಟ್ರ' ಎರಡು ಮೀಟರ್ ಅಗಲ, ಎರಡು ಮೀಟರ್ ಎತ್ತರದ ಚಿತ್ರ. ಪತ್ರಿಕೆಯಲ್ಲಿ ಅಂಥದ್ದು ಅಂಗೈಯಷ್ಟಾಗುತ್ತದೆ. ಅವಕಾಶ ಸಿಕ್ಕಾಗ ರಜಾ ಅವರ ಒಂದು ಮೂಲ ಚಿತ್ರದ ಎದುರು ನಿಲ್ಲಿ, ಮಗಳನ್ನೂ ಕರೆದುಕೊಂಡು ಹೋಗಿ. ಆಮೇಲೂ ಇದೇ ಅಭಿಪ್ರಾಯವಿದ್ದರೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.